ರುದ್ರಯ್ಯನ ರೂಟರ್

“ಯಸಳೂರಲ್ಲಿ ಸೌದೆ ಒಡುದ್ರೆ, ಹೊಸಕೋಟೆ ಜಗಲಿ ಮೇಲೆ ಕೂತಿರೋ ನಂಗೆ ಅದು ಹಲ್ಸೋ ಹೊನ್ನೆಯೋ ಅಂತ ಗೊತ್ತಾಗ್ಬುಡ್ತದೆ ಕಣವ್ವ. ಅಂಥಾ ಕಿವಿ ನಂದು!”

ಸಬ್ ಇನ್‌ಸ್ಪೆಕ್ಟರ್ ಹೇಮಶ್ರೀ ಬರೆಯುವುದನ್ನು ನಿಲ್ಲಿಸಿ ಮುದುಕಿಯ ಮುಖ ನೋಡಿದಳು.

“ಅದ್ನ ಬರ್ಕೋಬ್ಯಾಡಿ. ಅರ್ಧ ಸುಳ್ಳು. ಪಕ್ಕದ್ಮನೇಲಿ ಒಡುದ್ರೆ ಗೊತ್ತಾಗ್ತದೆ. ಅದೂ ಹಲ್ಸು ಮಾತ್ರ.”

ಜನವರಿಯ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಆ ಚಳಿಗೆ ಠಾಣೆಯ ಲಾಠಿಗಳೂ ಗೋಡೆಗೆ ಆತುಕೊಂಡು ನಡುಗುತ್ತಿದ್ದವು. ಗುರುಶಾಂತಮ್ಮ ಮಾತ್ರ ಕಾಲು ಚಾಚಿ ಬೆಂಚಿನ ಮೇಲೆ ಕೂತು, ಹೆಡ್ ಕಾನ್‌ಸ್ಟೆಬಲ್ ಪುಟ್ಟಸ್ವಾಮಿಯ ಹೊಟ್ಟೆ ನೋಡಿ, “ಕಳ್ಳನ್ನ ಹಿಡಿಯಕ್ಕೆ ಇದು ಮುಂದೆ ಹೋಗ್ತದೋ, ನೀನು ಹೋಗ್ತೀಯೋ?” ಎಂದು ಕೇಳಿ ಆಗಿತ್ತು.

“ವಿಷ್ಯಕ್ಕೆ ಬಾ ಗುರುಶಾಂತಕ್ಕ,” ಎಂದ ಪುಟ್ಟಸ್ವಾಮಿ.

ವಿಷಯ ಇಷ್ಟು. ಅವಳ ಗಂಡ ರುದ್ರಯ್ಯ ಬಡಗಿ. ಯುಗಾದಿ ಕಳೆದ ಮೇಲೆ, ಬಾಗಿಲ ಅಂಚಿಗೆ ಬಳ್ಳಿ ಕೊರೆಯುವ ರೂಟರ್ ಮಿಷನ್ ಒಂದನ್ನು ಹೊಸದಾಗಿ ಕೊಂಡಿದ್ದ. ಆಷಾಢದಲ್ಲಿ ಕೆಲಸ ಮುಗಿಸಿ ಬರುವಾಗ ಹಳ್ಳಕ್ಕೆ ಅಡ್ಡ ಹಾಕಿದ್ದ ಮರದ ಕಾಲುಸಂಕದಿಂದ ಬಿದ್ದು ಸತ್ತ. ಜೊತೆಯಲ್ಲಿದ್ದ ಕೆಲಸಗಾರ ಸಿದ್ದು ಹೇಳಿಕೆ ಕೊಟ್ಟಿದ್ದ: ರುದ್ರಯ್ಯ ಕುಡಿದಿದ್ದ, ಜಾರಿದ, ಕೈಯಲ್ಲಿದ್ದ ಮಿಷನ್ನೂ ಅವನ ಜೊತೆ ನೀರುಪಾಲಾಯಿತು. ಹೆಣ ಸಿಕ್ಕುವಷ್ಟರಲ್ಲಿ ಕುಡಿದಿದ್ದನೋ ಇಲ್ಲವೋ ಎಂದು ವೈದ್ಯರೂ ಹೇಳುವಂತಿರಲಿಲ್ಲ. ಅಸಹಜ ಸಾವು ಎಂದು ದಾಖಲಾಗಿತ್ತು.

“ನೀರಿಗೋದ ಮಿಷನ್ನು ಅಭಿಲಾಷನ ಅಂಗ್ಡೀಲಿ ಕೂತೈತೆ. ಮಣೆ ಕಾಲು ಮಾಡ್ಸಕ್ಕೆ ಹೋಗಿದ್ದೆ, ಕಣ್ಣಾರೆ ಕಂಡೆ.”

“ಸದ್ದು ಕೇಳಿ ಗುರುತು ಹಿಡುದ್ರಾ?”

“ಸದ್ದು ಬ್ಯಾರೆ ಆಗೈತೆ. ಹಿಡಿ ನೋಡ್ದೆ.” ಮುದುಕಿಯ ನಗು ಅಲ್ಲಿಗೆ ನಿಂತಿತು. “ಸತ್ತೋರು ವಾಪಸ್ ಬರಲ್ಲ, ಗೊತ್ತು. ಶಿವಗಣಾರಾಧನೆ ಊಟ ಉಂಡು ಕೈ ತೊಳ್ಕೊಳ್ತಾನೇ ‘ಕುಡ್ದು ಸತ್ತ’ ಅಂದ್ರು ಕಣವ್ವ. ನಮ್ಮೋರು ಹೆಂಡದ ವಾಸ್ನೆಗೇ ಮೂಗು ಮುಚ್ಕೊಳ್ಳೋರು. ಆ ಒಂದು ಮಾತು ಅಳಿಸ್ಕೊಡಿ, ಸಾಕು.”

ಹನ್ನೊಂದೂವರೆಗೆ ಜೀಪು ಕೆ. ಹೊಸಕೋಟೆ ತಲುಪಿತು. ಮಂಜು ಇನ್ನೂ ಕರಗಿರಲಿಲ್ಲ. ಅಭಿಲಾಷ್ ಮೂವತ್ತರ ಬಡಗಿ. ಪೊಲೀಸರನ್ನು ನೋಡಿ ಕೈಯಲ್ಲಿದ್ದ ಉಳಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

“ಈ ಮಿಷನ್ ಎಲ್ಲಿ ತಗೊಂಡೆ?”

“ಸಕಲೇಶಪುರದ ಗುಜರಿ ಗಣೇಶನ ಹತ್ರ ಮೇಡಂ. ಸೆಕೆಂಡ್ ಹ್ಯಾಂಡು. ತಂದ ದಿನ ಪ್ಲಗ್ ಹಾಕ್ದಾಗ ಕರೆಂಟ್ ಇರ್ಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಿದ್ದೀನಿ, ತಾನಾಗೇ ಕಿರುಚ್ಕೊಂಡು ಮೇಜಿನ ಮೇಲೆ ನಡ್ಕೊಂಡು ಬತ್ತು. ಅನ್ನ ಅಲ್ಲೇ ಬಿಟ್ಟು ರೋಡಿಗೆ ಓಡ್ದೆ!”

“ದೆವ್ವವೇನೋ ಮಾರಾಯ?” ಪುಟ್ಟಸ್ವಾಮಿ ಎರಡು ಹೆಜ್ಜೆ ಹಿಂದೆ ಸರಿದ.

“ಸ್ವಿಚ್ಚು ಸಾರ್. ಮರದ ಹುಡಿ ತುಂಬಿ ಒಳಗೇ ಕಚ್ಕೊಂಡಿತ್ತು. ಕರೆಂಟ್ ಬಂದಾಗೆಲ್ಲ ತಿರುಗ್ತಿತ್ತು. ಸ್ವಿಚ್ಚು, ಕಾರ್ಬನ್ನು, ಬೇರಿಂಗು ಎಲ್ಲ ಹೊಸದು ಹಾಕ್ದೆ. ಈ ಹಿಡಿ ಒಂದು ಬಿಚ್ಚಕ್ಕೆ ಮನ್ಸು ಬರ್ಲಿಲ್ಲ.”

ಒಂದು ಕಡೆ ಕಂಪನಿಯ ಪ್ಲಾಸ್ಟಿಕ್ ಹಿಡಿ. ಇನ್ನೊಂದು ಕಡೆ ಕಾಫಿ ಮರದ್ದು, ಬೆರಳು ಕೂರುವಂತೆ ಕೊರೆದದ್ದು. ಹೇಮಶ್ರೀ ಅದರ ಮೇಲೆ ಎಡಗೈ ಇಟ್ಟಳು. ಮೂರು ಬೆರಳು ಅಚ್ಚುಕಟ್ಟಾಗಿ ಕೂತವು. ಉಂಗುರದ ಬೆರಳಿಗೆ ಜಾಗವೇ ಇರಲಿಲ್ಲ. ಅಲ್ಲಿ ಮರ ಉಬ್ಬಿಕೊಂಡು ಅವಳ ಬೆರಳನ್ನು ಹೊರಗೆ ತಳ್ಳಿತು. ರುದ್ರಯ್ಯನಿಗೆ ಎಡಗೈಯ ಉಂಗುರದ ಬೆರಳು ಇರಲಿಲ್ಲವೆಂದು ಮರಣೋತ್ತರ ವರದಿಯಲ್ಲಿತ್ತು. ಸತ್ತವನ ಕೈ ಒಳಗಿನಿಂದ ತನ್ನ ಕೈ ಹಿಡಿದಂತಾಗಿ ಅವಳು ಸರಕ್ಕನೆ ಬಿಟ್ಟಳು.

“ಹಳೇ ಸಾಮಾನು ಬಿಸಾಕಿದ್ಯಾ?”

ಅಭಿಲಾಷ್ ಒಂದು ಬಿಸ್ಕತ್ತಿನ ಡಬ್ಬಿ ತಂದ. ಹಳೆಯ ಬೇರಿಂಗಿಗೆ ತುಕ್ಕಿನ ಚುಕ್ಕೆಯೂ ಇರಲಿಲ್ಲ. ಹಳ್ಳದ ಕೆಸರಿನ ಸುಳಿವೂ ಇರಲಿಲ್ಲ. ಅದರ ಜೊತೆ, ಮೋಟಾರಿನ ಫ್ಯಾನಿಗೆ ಸುತ್ತಿಕೊಂಡಿದ್ದ ಕಸವನ್ನು ಅವನು ಕಾಗದದಲ್ಲಿ ಮಡಿಚಿಟ್ಟಿದ್ದ. ಒಣಗಿ ಕಂದಿದ ಚೆಂಡುಹೂವಿನ ಎಸಳು. ಎಸಳಿಗೆ ಕುಂಕುಮ.

“ಇದ್ನ ಯಾಕೆ ಇಟ್ಕೊಂಡೆ?”

“ಪೂಜೆ ಹೂವು ಮೇಡಂ. ಹೆಂಗೆ ಕಸಕ್ಕೆ ಹಾಕಾದು?”

ಹೇಮಶ್ರೀ ಪುಟ್ಟಸ್ವಾಮಿಯ ಕಡೆ ತಿರುಗಿದಳು. “ಆಯುಧಪೂಜೆ ದಿನ ನಿಮ್ಮನೇಲಿ ಬೈಕಿಗೆ ಹಾರ ಹಾಕಿ ಏನ್ ಮಾಡ್ತೀರಿ?”

“ಒಂದ್ಸಲ ಚಾಲೂ ಮಾಡ್ತೀವಿ, ಹಾರ ತೆಗೀದಂಗೆ.” ಹೇಳುತ್ತ ಹೇಳುತ್ತ ಅವನು ಎಸಳಿನ ಕಡೆ ಬಗ್ಗಿದ. “ಮೇಡಂ... ರುದ್ರಯ್ಯ ಸತ್ತಿದ್ದು ಆಷಾಢದಲ್ಲಿ. ಈ ಮಿಷನ್ನು ಅವನ ಕೈಲಿ ಆಯುಧಪೂಜೆ ನೋಡೇ ಇಲ್ಲ!”

ಇಬ್ಬರು ಪಂಚರ ಎದುರು ಪಂಚನಾಮೆ ಬರೆದು, ಮಿಷನ್ನು, ಬೇರಿಂಗು, ಎಸಳು ಮೂರನ್ನೂ ಬೇರೆ ಬೇರೆ ಸೀಲು ಮಾಡಿದರು.

ಮಾರನೆಯ ದಿನ ಗುಜರಿ ಗಣೇಶ್ ಮೊದಲು, “ದಿನಾ ನೂರು ಜನ ಬರ್ತಾರೆ” ಎಂದ. ಪುಟ್ಟಸ್ವಾಮಿ ಸಿದ್ದುವಿನ ಫೋಟೋ ತೋರಿಸಿದ.

“ಇವನಾ! ಇವನ್ನ ಮರೆಯಕ್ಕಾಗ್ತದಾ? ಚೌಕಾಸೀನೇ ಮಾಡ್ಲಿಲ್ಲ ಸಾರ್. ಗೋಣಿಚೀಲದಲ್ಲಿ ಸುತ್ತಿ, ಮೇಲೆ ಹಗ್ಗ ಬಿಗ್ದಿದ್ದ, ಕೋಳಿ ಕಟ್ಟಿದಂಗೆ. ‘ನಾನು ಹೋದ್ಮೇಲೆ ಬಿಚ್ಚು’ ಅಂದ.”

ಸಿದ್ದು ಈಗ ಮಾರನಹಳ್ಳಿಯಲ್ಲಿದ್ದ. ನಲವತ್ತು ದಾಟಿದ ಆಳು, ಕಣ್ಣು ಎರಡು ಬಾವಿಗಳ ಹಾಗೆ ಒಳಗೆ ಹೋಗಿದ್ದವು. ಠಾಣೆಯಲ್ಲಿ ಕೂರಿಸಿದಾಗ ಹಳೆಯ ಹೇಳಿಕೆಯನ್ನೇ ಒಪ್ಪಿಸಿದ.

“ಮಿಷನ್ ಎಲ್ಲೋಯ್ತು?”

“ನೀರಿಗೆ ಹೋಗ್ಬುಡ್ತು ಮೇಡಂ.”

ಹೇಮಶ್ರೀ ಸೀಲು ಮಾಡಿದ್ದ ಪಾರದರ್ಶಕ ಲಕೋಟೆಯೊಳಗಿನ ಎಸಳು ತೋರಿಸಿದಳು. “ಹಳ್ಳದೊಳಗೆ ಇದಕ್ಕೆ ಆಯುಧಪೂಜೆ ಮಾಡಿದೋರು ಯಾರು?”

ಅವನು ಎಸಳನ್ನೇ ನೋಡುತ್ತ ಕೂತ. ಸಂತೆಯಲ್ಲಿ ತೂಕ ಹಾಕುವಾಗಲೂ ಅಷ್ಟು ಹೊತ್ತು ಯಾರೂ ಮುಳ್ಳು ನೋಡಿರಲಾರರು. ಕೊನೆಗೆ ಹೇಳಿದ, “ಪೂಜೆ ಮಾಡ್ದೆ ಹೆಂಗ್ ಬಿಡಾದು ಮೇಡಂ? ಆಯುಧ ಅಲ್ವಾ?”

ಆಮೇಲೆ ಕೇಳುವುದೇ ಬೇಕಾಗಲಿಲ್ಲ. ಹನ್ನೆರಡು ವರ್ಷ ಜೊತೆಗೆ ಉಳಿ ಹಿಡಿದಿದ್ದ. ಮಿಷನ್ ಬಂದ ಮೇಲೆ ರುದ್ರಯ್ಯ ಅದನ್ನು ಮುಟ್ಟಗೊಡಲಿಲ್ಲ. ಮನೆ ಯಜಮಾನರ ಎದುರು ‘ನೀನು ಹುಡಿ ಗುಡಿಸು’ ಎನ್ನುತ್ತಿದ್ದ. ಆ ದಿನ ಸಂಕದ ಮೇಲೆ, “ಹೊತ್ಕೊಂಡಾದ್ರೂ ಬರ್ತೀನಿ ಕೊಡಣ್ಣ” ಎಂದದ್ದಕ್ಕೆ ರುದ್ರಯ್ಯ ನಕ್ಕ. ಇವನು ಕಿತ್ತುಕೊಂಡ. ಅವನು ಜಾರಿದ.

“ಸಂಕದ ಪಕ್ಕದ ಮರದ ಬೇರು ಹಿಡ್ಕೊಂಡು ನೇತಾಡ್ತಿದ್ರು. ಕೈ ಕೊಡೋ ಅಂದ್ರು. ನನ್ನ ಎರಡೂ ಕೈಲಿ ಮಿಷನ್ ಇತ್ತು ಮೇಡಂ. ಇಟ್ರೆ ಹಳ್ಳಕ್ಕೆ ಬೀಳ್ತಿತ್ತು.”

“ಕುಡಿದಿದ್ರಾ?”

“ಇಲ್ಲ. ಕುಡ್ದಿದ್ದ ಅಂದ್ರೆ ಯಾರೂ ಮುಂದಕ್ಕೆ ಕೇಳಲ್ಲ.” ಅವನು ಮೊಣಕೈಗೆ ಮುಖ ಒರೆಸಿಕೊಂಡ. “ಪೂಜೆ ಆದ್ಮೇಲೆ ಶುರುವಾಯ್ತು. ಕರೆಂಟ್ ಬಂದಾಗೆಲ್ಲ ಕೂಗ್ತಿತ್ತು. ಸ್ವಿಚ್ ಆರ್ಸಿದ್ರೂ ಕೂಗ್ತಿತ್ತು. ‘ಕೈ ಕೊಡೋ’ ಅಂದಂಗೇ ಕೇಳ್ತಿತ್ತು.”

“ಸ್ವಿಚ್ ಕೆಟ್ಟಿತ್ತು ಕಣೋ,” ಎಂದ ಪುಟ್ಟಸ್ವಾಮಿ. ಹೇಳಿದವನ ಕೈಯ ರೋಮವೂ ನಿಮಿರಿತ್ತು.

ಸಂಜೆ ಐದಕ್ಕೆ ಎಫ್‌ಐಆರ್ ದಾಖಲಾಯಿತು, ಸಿದ್ದುವಿನ ಬಂಧನವಾಯಿತು. ಅವನು ರುದ್ರಯ್ಯನನ್ನು ಸಾಯಲು ಬಿಟ್ಟದ್ದು ದುಡ್ಡಿಗಲ್ಲ, ಹಗೆಗೂ ಅಲ್ಲ; ತನ್ನದಲ್ಲದ ಒಂದು ಆಯುಧದ ಮೇಲಿನ ಆಸೆಗೆ.

ಬುಧವಾರ ವಸ್ತು ಗುರುತಿಸಲು ಗುರುಶಾಂತಮ್ಮನನ್ನು ಕರೆಸಿ, ಪಂಚರ ಎದುರು ಮಿಷನ್ನಿನ ಸೀಲು ಬಿಚ್ಚಿ ಮೇಜಿನ ಮೇಲಿಟ್ಟರು. ಹೇಮಶ್ರೀ ಎಲ್ಲವನ್ನೂ ಹೇಳಿದಳು. ‘ಕುಡಿದಿರಲಿಲ್ಲ’ ಎಂದು ಬರೆದ ಸಾಲನ್ನು ಎರಡು ಸಲ ಓದಿಸಿಕೊಂಡು ಮುದುಕಿ, “ಇನ್ನೊಂದ್ ದಪ ಓದವ್ವ, ನನ್ನ ಕಿವಿ ಮಂದ” ಎಂದಳು. ಮೂರನೆಯ ಸಲ ಕಣ್ಣು ಒರೆಸಿಕೊಂಡಳು.

ಆಮೇಲೆ ಮೇಜಿನ ಹತ್ತಿರ ಹೋದಳು. ಬಲಗೈಯಲ್ಲಿ ಕಾಫಿ ಮರದ ಹಿಡಿಯನ್ನು ಹಿಡಿದು ಮಿಷನ್ನನ್ನು ಎತ್ತಿದಳು. ಒಣಗಿದ ಕಡ್ಡಿಯಂಥ ತೋಳು. ಆದರೂ ಸೊಂಟದವರೆಗೆ ಬಂತು, ಅಲ್ಲಾಡದೆ ನಿಂತಿತು. ಎಡಗೈಯನ್ನು ಅವಳು ಹೇಮಶ್ರೀಯ ಕಡೆಗೆ ಚಾಚಿದಳು, ಬೆರಳು ಬಿಡಿಸಿ, ಖಾಲಿ.

“ನಾನು ಎಪ್ಪತ್ತರ ಮುದ್ಕಿ, ಒಂದೇ ಕೈಲಿ ಹಿಡ್ದಿದ್ದೀನಿ. ಆ ಸಿದ್ದು ಗಂಡಾಳು. ಇನ್ನೊಂದು ಕೈ ಏನ್ ಮಾಡ್ತಿತ್ತು ಅವಂದು? ನೀವು ಓದಿರೋರು. ಹೇಳಿ ನೋಡಾಣ.”