ಧುಪದಾಳದಿಂದ ಕಾಣೆಯಾದ ಗಾಡಿ

೧೯೫೯ನೇ ಇಸವಿ ಫೆಬ್ರುವರಿ ೧೧, ಬುಧವಾರ. ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಧುಪದಾಳದ ದುಂಡಪ್ಪ ಗೋಕಾಕ ಠಾಣೆಗೆ ಬಂದು ಫಿರ್ಯಾದಿ ಕೊಟ್ಟ. ಮನೆಯ ಹಿತ್ತಲಲ್ಲಿ ತಗಡಿನ ಛಪ್ಪರದ ಕೆಳಗೆ ನಿಂತಿದ್ದ ಪಿಕಪ್ ಗಾಡಿಯನ್ನು ಸೋಮವಾರ ಹಗಲು, ತಾನು ಕಬ್ಬಿನ ಗಾಣದ ಕಡೆ ಹೋಗಿದ್ದಾಗ, ಯಾರೋ ಅಪರಿಚಿತರು ಕದ್ದೊಯ್ದಿದ್ದಾರೆ ಎಂಬುದು ಅದರ ಸಾರಾಂಶ. ಗಾಡಿ ಲಡಾಯಿ ಕಾಲದ್ದು. ಮಿಲಿಟರಿಯವರು ಹರಾಜಿಗೆ ಹಾಕಿದಾಗ ದುಂಡಪ್ಪನ ತಮ್ಮ ಪರಪ್ಪ ಬೆಳಗಾವಿಯಿಂದ ತಂದದ್ದು. ಪರಪ್ಪ ತೀರಿಕೊಂಡು ನಾಲ್ಕು ವರ್ಷ. ಅಲ್ಲಿಂದ ಅದು ತುಕ್ಕು ತಿನ್ನುತ್ತ ನಿಂತಿತ್ತು. ಸೀಟಿನ ಹರಕಿನೊಳಗೆ ಬೆಕ್ಕು ಮರಿ ಹಾಕುತ್ತಿತ್ತು. ಒಂದು ತಿಂಗಳ ಹಿಂದಷ್ಟೆ ರಿಪೇರಿಯಾಗಿ ಎದ್ದಿತ್ತು.

ಫೌಜದಾರ ಮಾಲಿಂಗಪ್ಪ ಇಪ್ಪತ್ತು ವರ್ಷ ಚಾಕರಿ ಮಾಡಿದವನು. ಮಾಲು ಕಳೆದುಕೊಂಡವರು ಠಾಣೆಯ ಹೊಸ್ತಿಲು ದಾಟುವ ಮೊದಲೇ ಮೂರು ಮಂದಿಯ ಹೆಸರು ಹೇಳುವುದನ್ನು ಕಂಡವನು. ಈ ಮನುಷ್ಯ ಒಂದು ಹೆಸರನ್ನೂ ಹೇಳಲಿಲ್ಲ.

"ಸೋಮವಾರ ಹೋದ ಗಾಡಿಗೆ ಬುಧವಾರ ಬಂದೀರಲ್ಲ?"

"ಎಲ್ಲರೆ ಸಿಕ್ಕೀತು ಅಂತ ಹುಡುಕಿದೆವ್ರಿ."

"ಸಂಶಯ ಯಾರ ಮ್ಯಾಲ?"

"ಯಾರ ಮ್ಯಾಲೂ ಇಲ್ಲರಿ."

"ಸತ್ತ ಗಾಡಿ ಎಬ್ಬಿಸಿದವರು ಯಾರು?"

ದುಂಡಪ್ಪ ಅಂಗಿಯ ತೋಳನ್ನು ಎಳೆದುಕೊಂಡ. "ನಾನ ಮಾಡಿಸೇನ್ರಿ."

ಬಾಜೂಕ ನಿಂತಿದ್ದ ಹವಾಲ್ದಾರ ಅಲ್ಲಪ್ಪ ಲಡಾಯಿಯಲ್ಲಿ ಬರ್ಮಾ ಗಡಿಯವರೆಗೆ ಲಾರಿ ನಡೆಸಿದವನು. ಯಾವ ಮಿಸ್ತ್ರಿಯ ಕಡೆಯಿಂದ ಮಾಡಿಸಿದಿರಿ ಎಂದು ಕೇಳಿದ. ದುಂಡಪ್ಪನಿಗೆ ಮಿಸ್ತ್ರಿಯ ಹೆಸರು ನೆನಪಾಗಲಿಲ್ಲ, ಊರೂ ನೆನಪಾಗಲಿಲ್ಲ. ಫೌಜದಾರ ಅದನ್ನೂ ಬರೆದುಕೊಂಡು, ಕಲಂ ೩೭೯ರ ಪ್ರಕಾರ ಎಫ್.ಐ.ಆರ್. ದಾಖಲಿಸಿದ.

ಮಧ್ಯಾಹ್ನ ಹನ್ನೆರಡೂಕಾಲಿಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಶುರುವಾಯಿತು. ಗಾಡಿ ನಿಲ್ಲುವ ಜಾಗವೆಂದರೆ ಎಣ್ಣೆ ಕುಡಿದ ಮಣ್ಣು, ಮಸಿ ಬಟ್ಟೆ, ಬೀಡಿ ತುಂಡು ಎಂದು ಎಣಿಸಿ ಹೋಗಿದ್ದ ಮಾಲಿಂಗಪ್ಪ ಛಪ್ಪರದ ಬಾಯಲ್ಲೇ ನಿಂತುಬಿಟ್ಟ. ನೆಲವನ್ನು ಸೆಗಣಿಯಿಂದ ಸಾರಿಸಿದ್ದರು, ಅಡುಗೆಮನೆಯನ್ನು ಸಾರಿಸಿದ ಹಾಗೆ. ಗೂಡಿನಲ್ಲಿ ನಟ್ಟು ಬಿಚ್ಚುವ ಪಾನಾಗಳು ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ, ಸೌಟು ಜೋಡಿಸಿದಂತೆ ಕೂತಿದ್ದವು. ಮೂಲೆಯಲ್ಲಿ ಜಾಲಿ ಕಟ್ಟಿಗೆಯ ಕೆತ್ತಿದ ತುಂಡುಗಳಿದ್ದವು, ಗೇಣುದ್ದದವು. ಗಾಡಿಯ ಮೂತಿ ಇದ್ದ ಕಡೆ ನೆಲದ ಮೇಲೆ ಒಂದು ಹಳದಿ ಕಲೆ.

ಅಲ್ಲಪ್ಪ ಬೆರಳಿಗೆ ಹಚ್ಚಿ ಮೂಸಿದ. ಅರಿಶಿಣ.

ರೇಡಿಯೇಟರಿಗೆ ತೂತು ಬಿದ್ದಿರಬೇಕು, ಅದನ್ನು ಮುಚ್ಚಲು ನೀರಿನಲ್ಲಿ ಅರಿಶಿಣ ಪುಡಿ ಕಲಸಿ ಹಾಕಿದ್ದಾರೆ, ಆದರೂ ಸ್ವಲ್ಪ ಜಿನುಗಿದೆ ಎಂದು ಅವನು ವಿವರಿಸಿದ. "ನಾವು ಲಡಾಯ್ಯಾಗ ಸಾಬಾಣ ತುರುಕತಿದ್ವಿರಿ, ತಂಬಾಕ ತುರುಕತಿದ್ವಿ. ಅರಿಶಿಣ ಹಾಕಿದ ಡ್ರೈವರನ ನಾ ನೋಡಿಲ್ಲ ನೋಡ್ರಿ ಸಾಹೇಬ್ರ."

ಹಿತ್ತಲ ಹಗ್ಗದ ಮೇಲೆ ಒಂದು ಕೌದಿ ಒಣಗುತ್ತಿತ್ತು. ತಿಕ್ಕಿ ತಿಕ್ಕಿ ತೊಳೆದಿದ್ದರೂ ಮಸಿ ಹೋಗಿರಲಿಲ್ಲ. ಮಾಲಿಂಗಪ್ಪ ಅದನ್ನು ಇಳಿಸಿ ನೆಲಕ್ಕೆ ಹಾಸಿದ. ತುಂಡು ತುಂಡು ಅರಿವೆ ಕೂಡಿಸಿ ಹೊಲಿದ ಆ ಕೌದಿಯ ಒಂದೊಂದು ಚೌಕದಲ್ಲಿ ಒಂದೊಂದು ಕರಿಯ ಗುರುತು. ಒಂದರಲ್ಲಿ ಬಳೆಯಂಥದು, ಒಂದರಲ್ಲಿ ಹಲ್ಲಿನ ಚಕ್ರ, ಒಂದರಲ್ಲಿ ಸಾಲಾಗಿ ನಾಲ್ಕು ಗುಂಡು. ಅಲ್ಲಪ್ಪ ಮೊಣಕಾಲೂರಿ ನೋಡುತ್ತ ಹೋದ. ಇಂಜಿನ್ ಬಿಚ್ಚಿದವರು ಮೊದಲು ತೆಗೆದದ್ದನ್ನು ಮೊದಲ ಚೌಕದಲ್ಲಿ, ಆಮೇಲೆ ತೆಗೆದದ್ದನ್ನು ಎರಡನೆಯದರಲ್ಲಿ ಇಟ್ಟುಕೊಂಡು ಹೋಗಿದ್ದಾರೆ. ಹಿಂದಿನಿಂದ ಮುಂದಕ್ಕೆ ಬಂದರೆ ಇಂಜಿನ್ ತಾನಾಗಿ ಕೂಡುತ್ತದೆ. ಓದು ಬರಹ ಬೇಕಿಲ್ಲ.

"ಈ ಕೌದಿ ಯಾರದವ್ವಾ?" ಎಂದು ಮಾಲಿಂಗಪ್ಪ ದುಂಡಪ್ಪನ ಹೆಂಡತಿ ಕೆಂಚವ್ವನನ್ನು ಕೇಳಿದ.

"ನಮ್ಮ ನೆಗೆಣ್ಣಿ ಕಾಶೆವ್ವಂದರಿ," ಎಂದವಳು ಗಂಡನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಮುಂದಿನದನ್ನು ದುಂಡಪ್ಪನೇ ಹೇಳಿದ. ಕಾಶೆವ್ವ ಸತ್ತ ತಮ್ಮನ ಹೆಂಡತಿ. ಮೂಡಲಗಿಯ ಅಕ್ಕನ ಮನೆಗೆ ಹೋಗಿದ್ದಾಳೆ. ಯಾವಾಗ? ಸೋಮವಾರ. ಹೇಗೆ? ಬಸ್ಸಿನಲ್ಲಿ. ಗಾಡಿ ಹೋದ ದಿನವೇ ಮನೆಯ ಹೆಣ್ಣುಮಗಳೂ ಹೊರಟಿದ್ದನ್ನು ಠಾಣೆಯಲ್ಲಿ ಯಾಕೆ ಹೇಳಲಿಲ್ಲ ಎಂದರೆ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನೆಲ ನೋಡಿದ.

ಓಣಿಯ ಏಳು ಮಂದಿಯ ಹೇಳಿಕೆ ತೆಗೆದು ಜಬಾನಿ ಬರೆದದ್ದಾಯಿತು. ಹ್ಯಾಂಡಲ್ ಹೊಡೆದರೆ ಊರೆಲ್ಲ ಎದ್ದು ಕೂರುವಂಥ ಗಾಡಿ. ಹೋದದ್ದು ಹಗಲು ಹತ್ತು ಗಂಟೆಗೆ. ಎಲ್ಲರೂ ಗಾಡಿಯನ್ನು ಕಂಡಿದ್ದರು. ನಡೆಸುತ್ತಿದ್ದವರನ್ನು ಒಬ್ಬರೂ ಕಂಡಿರಲಿಲ್ಲ. ಧೂಳು ಬಹಳ ಇತ್ತು ಎಂದು ಒಬ್ಬ ಹೇಳಿದ. ಎರಡನೆಯವನಿಗೂ ಧೂಳು ಬಿದ್ದಿತ್ತು. ಏಳನೆಯ ಮುದುಕಿಯ ಸರದಿ ಬರುವಷ್ಟರಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ನನಗೂ ಧೂಳರಿ," ಎಂದಳು.

ಮಾಲಿಂಗಪ್ಪನಿಗೆ ಆಗ ತಿಳಿಯಿತು. ಕಳ್ಳ ಯಾರೆಂದು ಇಡೀ ಊರಿಗೆ ಗೊತ್ತು, ಫಿರ್ಯಾದಿದಾರನಿಗೂ ಗೊತ್ತು. ಮನೆಯ ಸೊಸೆ ಹಗಲು ಹೊತ್ತಿನಲ್ಲಿ ಮೋಟಾರು ನಡೆಸಿಕೊಂಡು ಹೋದಳು ಎಂದು ಹೇಳುವುದಕ್ಕಿಂತ ಅಪರಿಚಿತ ಕಳ್ಳರು ಬಂದರು ಎಂದು ಬರೆಸುವುದು ದುಂಡಪ್ಪನಿಗೆ ಹಗುರವಾಗಿತ್ತು. ಗಾಡಿ ಪೊಲೀಸರ ಕೈಯಿಂದ ಸದ್ದಿಲ್ಲದೆ ವಾಪಸ್ ಬರಬೇಕು. ಒಯ್ದವಳ ಹೆಸರು ಬರಬಾರದು.

ಅಲ್ಲಪ್ಪ ಮಾತ್ರ ಒಪ್ಪಲಿಲ್ಲ. ಇಂಜಿನ್ ಎಬ್ಬಿಸುವಾಗ ಹ್ಯಾಂಡಲ್ ತಿರುಗಿ ಒದ್ದರೆ ಗಂಡಸಿನ ಮಣಿಕಟ್ಟೇ ಮುರಿಯುತ್ತದೆ ಎಂದು ವಾದಿಸಿದ. ಊರ ಹೊರಗಿನ ಕವಲಿನಲ್ಲಿ ಇಬ್ಬರೂ ಸೈಕಲ್ ಇಳಿದು ಹುಡುಕಿದರು. ಗೋಕಾಕ, ಮೂಡಲಗಿ ಕಡೆಯ ರಸ್ತೆ ಒಣಗಿ ಬೆಳ್ಳಗಿತ್ತು. ಹುಕ್ಕೇರಿ ದಾರಿಯಲ್ಲಿ, ಬೇವಿನ ಮರದ ನೆರಳಿನಲ್ಲಿ, ಅಂಗೈಯಗಲ ಹಳದಿ ಕಲೆ ಕಂಡಿತು. ಅಲ್ಲಪ್ಪ ಅದನ್ನೂ ಬೆರಳಿಗೆ ಹಚ್ಚಿ ಮೂಸಿದ.

೧೨ನೇ ತಾರೀಖು, ಗುರುವಾರ. ಕಲೆಗಳನ್ನು ಹಿಡಿದುಕೊಂಡು ಹತ್ತೂವರೆಗೆ ಹುಕ್ಕೇರಿಯ ಹೊರಗಿನ ಬಾವಿಗೆ ಮುಟ್ಟಿದರು. ಅಲ್ಲಿ ನೀರು ಸೇದುತ್ತಿದ್ದವಳ ಕಣ್ಣಿಗೆ ಯಾವ ಧೂಳೂ ಬಿದ್ದಿರಲಿಲ್ಲ. ಕೇಳುವ ಮೊದಲೇ ಹೇಳಿದಳು. ಸೋಮವಾರ ಒಬ್ಬ ಹೆಣ್ಣುಮಗಳು ಮೋಟಾರು ನಿಲ್ಲಿಸಿ ಒಂದು ಕೊಡ ನೀರು ಕೇಳಿದಳು. ಎಲ್ಲಿಗೆ ಎಂದರೆ ಕಣಗಲಾ, ತವರಿಗೆ ಎಂದಳು. "ನನ್ನೂ ಕುಂದರಸ್ಕೊಂಡು ಒಂದ ಸುತ್ತ ಹೊಡಸಿದ್ಲರಿ," ಎಂದು ಸೇರಿಸಿದಳು. ಆ ಸುತ್ತು ಇನ್ನೂ ಅವಳ ಮುಖದ ಮೇಲಿತ್ತು.

ಸೈಕಲ್ಲನ್ನು ಹುಕ್ಕೇರಿ ಠಾಣೆಯಲ್ಲಿ ಬಿಟ್ಟು, ಬಸ್ಸು ಹಿಡಿದು, ಎರಡು ಗಂಟೆ ಹತ್ತು ನಿಮಿಷಕ್ಕೆ ಕಣಗಲಾದಲ್ಲಿ ಕಾಶೆವ್ವನ ತಾಯಿ ರಾಯವ್ವನ ಮನೆ ಮುಂದೆ ನಿಂತರು. ಮುದುಕಿ ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ನೀರು ಬೆಲ್ಲ ತಂದಿಟ್ಟು, ಮಗಳು ಕಾಯಿಪಲ್ಲೆ ಮಾರುವ ಹೆಂಗಸರನ್ನು ಸಂತೆಗೆ ಬಿಡಲು ಸಂಕೇಶ್ವರಕ್ಕೆ ಹೋಗಿದ್ದಾಳೆ, ಬರುತ್ತಾಳೆ, ಕೂಡ್ರಿ ಎಂದಳು.

ಮೂರು ಗಂಟೆ ಐದು ನಿಮಿಷಕ್ಕೆ ಗಾಡಿ ಬಂತು.

ಬಾಗಿಲುಗಳ ತುಕ್ಕು ತಗಡು ಹೋಗಿ ಹಲಗೆ ಬಂದಿತ್ತು. ಹಿಂದಿನ ತೊಟ್ಟಿಯ ತಳಕ್ಕೆ ಕಟ್ಟಿಗೆ ಹಾಸಿ, ಸುತ್ತ ಚಕ್ಕಡಿಗೆ ನಿಲ್ಲಿಸುವ ಹಾಗೆ ಗೂಟ ನಿಲ್ಲಿಸಿದ್ದರು. ಹತ್ತುವ ಕಡೆ ಒಂದು ಮೆಟ್ಟಿಲು, ಮೊಣಕಾಲಿಗಿಂತ ಕೆಳಗೆ. ತಲೆಯ ಮೇಲೆ ಬುಟ್ಟಿ, ಕಾಲಿಗೆ ತೊಡಕುವ ಸೀರೆ ಇದ್ದವರು ಎಷ್ಟು ಎತ್ತರ ಕಾಲೆತ್ತಬಲ್ಲರು ಎಂಬುದನ್ನು ತಿಳಿದವರು ಕೂಡಿಸಿದ ಮೆಟ್ಟಿಲು ಅದು. ಮಾಲಿಂಗಪ್ಪ ಅದರ ಅಳತೆ ತೆಗೆದು ಪಂಚನಾಮೆಯಲ್ಲಿ ಬರೆದ.

ಇಳಿದವಳು ಗಿಡ್ಡ ಹೆಂಗಸು, ಮೂವತ್ತೈದರ ಆಸುಪಾಸು. ಸೆರಗು ಹೆಗಲ ಮೇಲಿತ್ತು.

"ಕಾಶೆವ್ವ ನೀನ ಏನವ್ವಾ?"

"ಹೌದ್ರಿ. ನಿನ್ನೇನ ಬರ್ತೀರಿ ಅಂತ ಮಾಡಿದ್ದೆ."

"ಗಾಡಿ ಕಳವಾಗೇತಿ ಅಂತ ಫಿರ್ಯಾದಿ ಐತಿ."

"ಕಳವು ಹೆಂಗಾಕ್ಕೇತ್ರಿ? ಹಾಡೇ ಹಗಲ ಊರ ಅಗಸಿ ಮುಂದ ಹಾರ್ನ್ ಹೊಡಕೋತ ಬಂದೇನಿ."

ಗಾಡಿ ಯಾರಿಗೆ ಸೇರಬೇಕೆಂಬುದನ್ನು ಕೋರ್ಟು ಹೇಳಬೇಕು, ತನ್ನ ಕೈಯಲ್ಲಿರುವುದು ಫಿರ್ಯಾದಿ ಮಾತ್ರ ಎಂದು ಮಾಲಿಂಗಪ್ಪ ಅವಳಿಗೆ ತಿಳಿಸಿದ. ಅವಳು ತಲೆಯಾಡಿಸಿದಳು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳನ್ನು ದಸ್ತಗಿರಿ ಮಾಡಲಾಯಿತು.

ಜಪ್ತಿಯಾದ ಗಾಡಿಯನ್ನು ಗೋಕಾಕಕ್ಕೆ ಒಯ್ಯಬೇಕಲ್ಲ. ಅಲ್ಲಪ್ಪ ಟೋಪಿ ಸರಿಮಾಡಿಕೊಂಡು ಸೀಟಿಗೆ ಏರಿದ. ಏರಿದವನಿಗೆ ಕಾಲು ಇಡಲು ಜಾಗ ಸಿಗಲಿಲ್ಲ. ಬ್ರೇಕು ಕ್ಲಚ್ಚುಗಳ ಮೇಲೆ ಜಾಲಿ ಕಟ್ಟಿಗೆಯ ತುಂಡು ಕೂಡಿಸಿ ಅವಳ ಕಾಲಿಗೆ ಮುಟ್ಟುವಂತೆ ಎತ್ತರಿಸಿದ್ದಳು. ಸೀಟನ್ನು ಮುಂದಕ್ಕೆ ತಂದು ಮೊಳೆ ಹೊಡೆದಿದ್ದಳು. ಅವನ ಮೊಣಕಾಲುಗಳು ಸ್ಟೇರಿಂಗಿಗೆ ಸಿಕ್ಕಿಬಿದ್ದವು. ಮೂರು ಸಲ ಗಾಡಿ ಜಿಗಿದು ನಿಂತಿತು. ಓಣಿಯ ಹೆಂಗಸರು ನೆರೆದಿದ್ದರು.

"ಬರ್ಮಾದಾಗ ಹಿಂಗ ನಡಸ್ತಿದ್ರೇನ್ರಿ ಹವಾಲ್ದಾರ್ರ?" ಎಂದಳು ಕಾಶೆವ್ವ. ಕಾಯುತ್ತ ಕೂತಾಗ ಅಲ್ಲಪ್ಪ ರಾಯವ್ವನಿಗೆ ಹೇಳಿದ್ದ ಲಡಾಯಿಯ ಕಥೆ ಆಗಲೇ ಮಗಳಿಗೂ ಮುಟ್ಟಿತ್ತು.

ಲೈಸೆನ್ಸ್ ಇದೆಯೇ ಎಂದು ಫೌಜದಾರ ಕೇಳಿದ. ತನಗಿಲ್ಲ, ಆದರೆ ನಿಮ್ಮ ಹವಾಲ್ದಾರರಿಗೆ ಇದೆಯಲ್ಲ, ಬಾಜೂಕ ಕೂತು ಕಲಿಸಲಿ ಎಂದಳು. ಮಾಲಿಂಗಪ್ಪ ಡೈರಿ ತೆಗೆದು ಒಂದು ಸಾಲು ಬರೆದು ಹೊಡೆದು ಹಾಕಿದ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದ: ಗಾಡಿಯನ್ನು ಬೇರೆಯವರು ನಡೆಸಲಾಗದ್ದರಿಂದ ಆರೋಪಿಯೇ ನಡೆಸಿದ್ದಾಳೆ. ಬರೆದು, ರಾಯವ್ವನ ಜೊತೆ ಹಿಂದೆ ಹತ್ತಿ ಗೂಟ ಹಿಡಿದು ಕೂತ. ಕಾಶೆವ್ವ ಗಾಡಿಯ ಮೂತಿಗೆ ಹ್ಯಾಂಡಲ್ ಹಾಕಿ, ಹೆಬ್ಬೆರಳನ್ನು ಹೊರಗಿಟ್ಟುಕೊಂಡು, ಕೆಳಗಿಂದ ಮೇಲಕ್ಕೆ ಒಂದೇ ಎಳೆತ ಎಳೆದಳು.

ಸಂಜೆ ಆರೂವರೆಗೆ ಗೋಕಾಕ ಪೇಟೆಯ ನಡುವೆ ಗಾಡಿ ಹಾಯಿತು. ಅಂಗಡಿಕಾರರು ತಕ್ಕಡಿ ಕೈಯಲ್ಲಿ ಹಿಡಿದೇ ಹೊರಗೆ ಬಂದರು.

ಠಾಣೆಯಲ್ಲಿ ದುಂಡಪ್ಪನನ್ನು ಕರೆಸಿ ಬೆಂಚಿನ ಮೇಲೆ ಕೂಡಿಸಿದ್ದರು. ಅವನನ್ನು ಕಂಡು ಕಾಶೆವ್ವ ಸೆರಗು ಎಳೆದುಕೊಳ್ಳಲಿಲ್ಲ. ಮದುವೆಯಾಗಿ ಬಂದ ಹದಿನಾಲ್ಕು ವರ್ಷಗಳಲ್ಲಿ ಅವಳು ಭಾವನ ಎದುರು ಒಂದು ಮಾತೂ ಆಡಿರಲಿಲ್ಲ. ಆಡುವ ಪದ್ಧತಿ ಇರಲಿಲ್ಲ. ಹೇಳುವುದೇನಿದ್ದರೂ ಬಾಗಿಲ ಹಿಂದೆ ನಿಂತು ಕೆಂಚವ್ವನಿಗೆ ಹೇಳಬೇಕು. ಕೆಂಚವ್ವ ದಾಟಿಸಿದರೆ ದಾಟಿತು, ಇಲ್ಲದಿದ್ದರೆ ಅಲ್ಲೇ ಉಳಿಯಿತು. ಈಗ ಅವನಿಗೆ ಕೇಳುವ ಹಾಗೆ ಜಬಾನಿ ಕೊಟ್ಟಳು, ಮಾಲಿಂಗಪ್ಪ ಬರೆಯುತ್ತ ಹೋದ.

ಗಂಡ ಬದುಕಿದ್ದಾಗ ಗಾಡಿಯ ಕೆಳಗೆ ಅವನು ಮಲಗಿದರೆ ಪಾನಾ ಕೊಡುವವಳು ಅವಳು. ಹೊಲದ ದಾರಿಯಲ್ಲಿ ನಡೆಸಲು ಕಲಿಸಿದವನೂ ಅವನೇ. ಅವನು ಹೋದ ಮೇಲೆ ಎರಡು ವರ್ಷ ಆ ಕಡೆ ನೋಡಲಿಲ್ಲ. ಆಮೇಲೊಂದು ದಿನ ಬೆಕ್ಕಿನ ಮರಿಗಳನ್ನು ಎತ್ತಿಡಲು ಹೋದವಳು, ಬಾನೆಟ್ಟು ಎತ್ತಿ ನೋಡಿದಳು. ಹಾಲು ಕರೆದು, ರೊಟ್ಟಿ ಬಡಿದು, ಉಳಿದ ಹೊತ್ತಿನಲ್ಲಿ ಇಟ್ಟಂಗಿ ತುಂಡಿನಿಂದ ತುಕ್ಕು ತಿಕ್ಕಿದಳು. ವಿಧವೆಗೆ ಹೊತ್ತು ಹೋಗಬೇಕಲ್ಲ ಎಂದು ಮನೆಯವರು ಬಿಟ್ಟರು. ಎರಡು ವರ್ಷ ಹಿಡಿಯಿತು. ಹೋದ ತಿಂಗಳು ಎಳ್ಳಮಾಸಿಯ ಹಬ್ಬದ ದಿನ ಇಂಜಿನ್ ಹತ್ತಿಕೊಂಡಾಗ, ಗಂಡ ಸತ್ತ ದಿನವೂ ಬರದಿದ್ದಷ್ಟು ಅಳು ಬಂತು.

"ಸದ್ದ ಕೇಳಿ ಭಾವನವ್ರು ಬಂದ್ರು. ಗಾಡಿಗೆ ಇಬತ್ತಿ ಕುಂಕುಮ ಹಚ್ಚಿ ಸೀಟಿನ್ಯಾಗ ಕುಂತ್ರು. ಊರ ಹಿರ್ಯಾರು ಬಂದು, ತಮ್ಮನ ಗಾಡಿ ಎಬ್ಬಿಸಿದ ಅಣ್ಣ ಅಂತ ಶಾಲ ಹೊಚ್ಚಿದ್ರು. ಹೊಚ್ಚಿಸ್ಕೊಂಡ್ರು. ನಾ ಚಾ ಒಯ್ಯಾಕ ಹೋದ್ರ ಕೆಂಚಕ್ಕ, ಕೈ ತೊಳಕೋ, ಕಪ್ಪಿಗೆ ಮಸಿ ಹತ್ತತೈತಿ ಅಂದ್ಲು."

ಹೊರಗೆ ಗಾಡಿಯ ಸುತ್ತ ಮಂದಿ ಗದ್ದಲ ಮಾಡುತ್ತಿದ್ದರು.

"ಒಂದ ತಿಂಗಳ ದಾರಿ ನೋಡಿದ್ನಿರಿ. ಒಬ್ಬರ ಮುಂದರೆ ಹೇಳ್ಯಾರು ಅಂತ."

ಮಾಲಿಂಗಪ್ಪ ಜಬಾನಿಯನ್ನು ಓದಿ ಹೇಳಿ ಹೆಬ್ಬೆಟ್ಟಿಗೆ ಶಾಯಿ ಪೆಟ್ಟಿಗೆ ಸರಿಸಿದ. ಅವಳು ಕೈ ಚಾಚಲಿಲ್ಲ. ಗಾಡಿ ರಿಪೇರಿ ಮಾಡಿದವಳು ತಾನು ಎಂಬ ಸಾಲು ಅದರಲ್ಲಿ ನೇರವಾಗಿ ಬಂದಿಲ್ಲ, ಬರೆಯಬೇಕು ಎಂದಳು. ಕಳವಿನ ಕೇಸಿಗೆ ಅದರ ಸಂಬಂಧವಿಲ್ಲ ಎಂದು ಅವನು ತಿಳಿಸಿ ಹೇಳಿದ.

"ಸಂಬಂಧ ಇಲ್ದಿದ್ರ ನಾ ಇಲ್ಲಿ ಯಾಕ ಕುಂತೇನ್ರಿ?"

ಅವನು ಬರೆದ. ಹೆಬ್ಬೆಟ್ಟು ಒತ್ತಿಸಿದರೆ ಬರೀ ಕಪ್ಪು ಬೊಟ್ಟು ಮೂಡಿತು. ಇಟ್ಟಂಗಿಯ ಜೊತೆ ಬೆರಳಿನ ಗೆರೆಗಳೂ ಸವೆದು ಹೋಗಿದ್ದವು.

ಆಗ ದುಂಡಪ್ಪ ಬೆಂಚಿನಿಂದ ಎದ್ದ. "ಸಾಹೇಬ್ರ, ಫಿರ್ಯಾದಿ ವಾಪಸ್ ತಗೋತೇನ್ರಿ. ಗಾಡಿ ಬೇಕಾದ್ರ ಆಕೀನ ಇಟ್ಕೊಳ್ಳಿ. ಆ ಕಾಗದ ಅಷ್ಟ ಹರೀರಿ. ಮನಿ ಮಾತು ಮನ್ಯಾಗ ಇರ್ಲಿ."

ದಾಖಲಾದ ಫಿರ್ಯಾದಿ ಹಾಗೆ ಹರಿಯಲು ಬರುವುದಿಲ್ಲ. ಆದರೆ ಇಬ್ಬರೂ ಕೂಡಿ ನಾಳೆ ಕೋರ್ಟಿನಲ್ಲಿ ರಾಜಿಯಾಗಿದೆ ಎಂದರೆ ಮುಗಿಯುತ್ತದೆ. ಮಾಲಿಂಗಪ್ಪ ಅದನ್ನು ಕಾಶೆವ್ವನಿಗೆ ಹೇಳಿದ. ಗಾಡಿ ಸಿಗುತ್ತದೆ, ಮನೆಗೆ ಹೋಗಬಹುದು ಎಂದ. ರಾಯವ್ವ ಮಗಳ ತೋಳು ಹಿಡಿದಳು.

ಕಾಶೆವ್ವ ಮೊದಲ ಸಲ ಭಾವನ ಕಡೆ ತಿರುಗಿ, ಅವನ ಕಣ್ಣನ್ನೇ ನೋಡಿದಳು.

"ಕೇಸ ನಡೀಲಿರಿ. ಗಾಡಿ ಎಬ್ಬಿಸಿದವ್ರು ಯಾರು ಅಂತ ಅಲ್ಲಿ ಕೇಳ್ತಾರ. ಭಾವನವ್ರು ಕೋರ್ಟಿನ್ಯಾಗ ನಿಂತ ಹೇಳ್ಲಿ."

ದುಂಡಪ್ಪ ಕೂತುಬಿಟ್ಟ. ಮಾಲಿಂಗಪ್ಪ ಡೈರಿಯಲ್ಲಿ ಬರೆದ: ಆರೋಪಿ ರಾಜಿಗೆ ಒಪ್ಪಲಿಲ್ಲ. ಕಾರಣ, ರಿಪೇರಿ ಕೆಲಸ ಆಕೆಯದೆಂದು ಫಿರ್ಯಾದಿದಾರ ನಾಲ್ಕು ಮಂದಿಯ ಮುಂದೆ ಹೇಳಬೇಕೆಂಬುದು. ಬರೆದ ಮೇಲೆ, ಆ ಅಂಕಣದಲ್ಲಿ ಇಂಥ ಕಾರಣವನ್ನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬರೆದಿಲ್ಲವೆಂದು ಅವನಿಗೆ ಅನಿಸಿತು.

ಏಳು ಗಂಟೆ ಐವತ್ತು ನಿಮಿಷಕ್ಕೆ, ತಾಯಿಯನ್ನು ಜೊತೆಗಿಟ್ಟು, ಅವಳನ್ನು ಲಾಕಪ್ ಕೋಣೆಗೆ ಬಿಟ್ಟರು. ಬಾಗಿಲಲ್ಲಿ ನಿಂತು ಅವಳು ಅಲ್ಲಪ್ಪನನ್ನು ಕರೆದಳು.

"ಹವಾಲ್ದಾರ್ರ, ಅಂಗಳ ಇಳಿಜಾರೈತಿ. ಗಾಲಿಗೆ ಕಲ್ಲ ಇಡ್ರಿ."

ಅಲ್ಲಪ್ಪ ಹೋಗಿ ಒಂದು ಕಲ್ಲು ಇಟ್ಟು ಬಂದ. ಅವಳು ಕಿಟಕಿಯ ಸರಳಿನ ನಡುವಿನಿಂದ ನೋಡಿದಳು.

"ಹಿಂದಿನ ಗಾಲಿಗೂ ಇಡ್ರಿ," ಎಂದಳು.