ಸೊತೊಬಾ ಎಂದರೆ

ಮಳೆ ಹಿಂದೆಗೆದು, ಬೊನ್ ಹಬ್ಬಕ್ಕೆ ಹತ್ತೇ ದಿನ ಉಳಿದಿತ್ತು. ಸತ್ತವರು ಮನೆಗೆ ಬರುವ ಆ ದಿನಗಳಿಗೆ ಪ್ರತಿ ಸಮಾಧಿಯ ಹಿಂದೆಯೂ ಹೊಸ ಸೊತೊಬಾ ಹಲಗೆ ನಿಲ್ಲಬೇಕು. ಸಾಯೊ ಬೆಳಗಿನಿಂದ ಆಳೆತ್ತರದ ತೆಳ್ಳನೆಯ ಹಲಗೆಗಳಿಗೆ ಹತ್ತರಿ ಹೊಡೆಯುತ್ತಿದ್ದಳು. ಬಿಳಿಯ ಸಿಪ್ಪೆ ಸುರುಳಿ ಸುರುಳಿಯಾಗಿ ಕಾಲ ಬುಡದಲ್ಲಿ ಬೀಳುತ್ತಿತ್ತು.

ಆ ಹಲಗೆಗಳ ಮೇಲೆ ಸಂಸ್ಕೃತದ ಅಕ್ಷರ ಬರೆಯುವವನು ಎಕಾಯ್, ಸಂಸಾರಿ ಗುರುಗಳಾದ ಅಪ್ಪನ ನಂತರ ಊರ ಮಠ ನೋಡಿಕೊಳ್ಳಬೇಕಾದವನು. ಅವನು ಬಂದು ಬಾಗಿಲಲ್ಲಿ ನಿಂತ.

“ಇವತ್ತೂ ಹಲಗೆ ನೋಡೋಕೆ ಬಂದ್ರಾ ಚಿಕ್ಕ ಗುರುಗಳೇ? ನಿನ್ನೆಯಿಂದ ಅವೇನೂ ಬೆಳೆದಿಲ್ಲ.”

“ಗಂಟು ಇದೆಯೇನೋ ಅಂತ...”

“ಗಂಟಿರೋ ಹಲಗೆ ಯಾವತ್ತು ಕೊಟ್ಟಿದ್ದೀನಿ?”

ಅವಳ ಕಿವಿಯ ಪಕ್ಕ ಕೂದಲಿಗೆ ಒಂದು ಸುರುಳಿ ಸಿಕ್ಕಿಕೊಂಡಿತ್ತು. ತೆಗೆಯಲೆಂದು ಎದ್ದ ಅವನ ಕೈ ನಿಲುವಂಗಿಯ ತೋಳಿನೊಳಗೆ ಹಿಂದಿರುಗಿತು.

“ತೋಫು ಅಂಗಡಿಯವರ ಸಂಬಂಧ ಬೇಡ ಅಂದುಬಿಟ್ಟೆ,” ಎಂದಳು ಸಾಯೊ, ತಲೆಯೆತ್ತದೆ. “ಕೊಹೈ ಅಲ್ಲಿ ನನಗೋಸ್ಕರ ಕಾಯ್ತಾ ನಿಂತಿರುವಾಗ ಇನ್ನೊಬ್ಬರ ಮನೆಗೆ ಹೇಗೆ ಹೋಗ್ಲಿ? ನೀವೇ ಹೇಳಿದ್ರಲ್ಲ.”

ಹೇಳಿದ್ದ. ಮೂರು ವರ್ಷದ ಹಿಂದೆ, ಅವಳ ಗಂಡ ಕೊಹೈ ಸತ್ತ ನಲವತ್ತೊಂಬತ್ತನೆಯ ದಿನದ ಕರ್ಮದಲ್ಲಿ, ಸೊತೊಬಾ ಎಂದರೇನು ಎಂದು ಅವಳು ಊರವರೆದುರೇ ಕೇಳಿದ್ದಳು. ಅವನಿಗೆ ಅಕ್ಷರ ತಿದ್ದಿಸಿದ್ದ ಅಪ್ಪ ಅರ್ಥ ಹೇಳಿಕೊಟ್ಟಿರಲಿಲ್ಲ. ಎಕಾಯ್ ಗಂಟಲು ಸರಿಮಾಡಿಕೊಂಡು, “ಕಾಯುವವನು ಅಂತ ಅರ್ಥ,” ಎಂದಿದ್ದ. ಅತ್ತಿದ್ದ ಅವಳ ಮುಖ ಆಗ ತಿಳಿಯಾಗಿತ್ತು. ಈ ವಸಂತದಲ್ಲಿ ಮೂಲಮಠದ ಪಾಠದಲ್ಲಿ ನಿಜವಾದ ಅರ್ಥ ತಿಳಿದಂದಿನಿಂದ, ಕುಂಚ ಹಿಡಿದರೆ ಅವನ ಅಂಗೈ ಬೆವರುತ್ತಿತ್ತು.

“ಅದು ಸುಳ್ಳು ಸಾಯೊ ಅವರೇ.”

ಹತ್ತರಿ ನಿಂತಿತು.

“ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಯ್ತು. ಮೂಲದಲ್ಲಿ ಅದು ಸ್ತೂಪ. ಅಂದ್ರೆ ಗುಡ್ಡೆ, ಬುದ್ಧನ ಅಸ್ಥಿಯ ಮೇಲೆ ಒಟ್ಟಿದ್ದು. ಇನ್ನೂ ಹಿಂದೆ ತಲೆಯ ತುರುಬಿಗೂ ಹಾಗೇ ಅಂತಿದ್ರಂತೆ.”

ಅವಳ ಕೈ ತಾನಾಗಿ ತುರುಬು ಮುಟ್ಟಿ, ಕೆಳಗಿಳಿಯಿತು.

“ಹಾಗಾದ್ರೆ ಯಾರೂ ಕಾಯ್ತಿಲ್ಲ?”

“ಹಲಗೆಯಲ್ಲಿ ಹಾಗಂತ ಬರೆದಿಲ್ಲ.”

“ಈಗ ಯಾಕೆ ಹೇಳ್ತಿದ್ದೀರಿ?”

ಬೋಳಿಸಿದ ಅವನ ತಲೆ ಕೂಡ ಕೆಂಪಾಯಿತು. “ನಿಮ್ಮ ಒಳ್ಳೇದಕ್ಕೆ ಅಂದ್ರೆ ಅದೂ ಸುಳ್ಳಾಗುತ್ತೆ. ನನಗೆ ನೀವು ಬೇಕು, ಅದಕ್ಕೆ.”

ಸಾಯೊ ಹತ್ತರಿ ಕೆಳಗಿಟ್ಟಳು. “ನನ್ನ ಮೂರು ವರ್ಷ ಯಾರು ಕೊಡ್ತಾರೆ?”

ಅವಳು ಮನೆಯ ಒಳಗಡೆ ಕೈ ತೋರಿಸಿದಳು.

“ಅತ್ತೆ ದಿನಾ ಬೆಳಗ್ಗೆ ಮಗನ ಫೋಟೋಗೆ ಅನ್ನ ಇಟ್ಟು, ‘ಇನ್ನೊಂಚೂರು ಕಾಯಪ್ಪ’ ಅಂತಾರೆ. ಅವರಿಗೂ ಹೇಳಿ. ಈಗಲೇ, ನನ್ನೆದುರಿಗೆ.”

ಪಡಸಾಲೆಯಲ್ಲಿ ಬೀನ್ಸ್ ಬಿಡಿಸುತ್ತಿದ್ದ ಮುದುಕಿಯ ಮುಂದೆ ಎಕಾಯ್ ಹಣೆ ಚಾಪೆಗೆ ಮುಟ್ಟುವಂತೆ ಬಾಗಿ ಎಲ್ಲವನ್ನೂ ಹೇಳಿದ. ಸಾಯೊಳನ್ನು ತಾನು ಬಯಸಿದ್ದನ್ನೂ ಬಿಡಲಿಲ್ಲ. ಮುದುಕಿಯ ಬೆರಳು ನಿಂತವು.

“ಏಳಪ್ಪ. ನಿನ್ನ ಮಾತು ನಾನು ನಂಬಿದ್ದೆ ಅಂದ್ಕೊಂಡ್ಯಾ? ನನ್ನ ಮಗ ಯಾರಿಗೂ ಕಾದವನಲ್ಲ, ಬಸ್ಸಿಗೂ ಕಾಯ್ತಿರಲಿಲ್ಲ.” ಮುದುಕಿ ಬೀನ್ಸ್ ಪಕ್ಕಕ್ಕೆ ಸರಿಸಿದಳು. “ಇವಳು ಹೋದ್ರೆ ನಾನೊಬ್ಬಳೇ ಆಗ್ತೀನಿ ಅಂತ ಹೆದರಿ, ‘ಕಾಯಪ್ಪ’ ಅಂತ ದಿನಾ ಇವಳ ಕಿವಿಗೆ ಬೀಳೋ ಹಾಗೆ ಅಂದೆ. ನಾಚಿಕೆ ಪಡಬೇಕಾದವಳು ನಾನು.”

ಸಾಯೊ ಬಾಗಿಲಿಗೆ ನಡೆದು, ಅವನು ಬಿಟ್ಟಿದ್ದ ಚಪ್ಪಲಿಗಳನ್ನು ಎತ್ತಿಕೊಂಡಳು. ಬಂದವರ ಚಪ್ಪಲಿಯನ್ನು, ಹೊರಡುವಾಗ ಸಲೀಸಾಗಲೆಂದು ಹೊರಮುಖವಾಗಿ ತಿರುಗಿಸಿಡುವುದು ಪದ್ಧತಿ. ಅವಳು ಒಂದು ಗಳಿಗೆ ಅವನ್ನು ಕೈಯಲ್ಲೇ ಹಿಡಿದು ನಿಂತಳು. ಆಮೇಲೆ ಮನೆಯವರ ಚಪ್ಪಲಿಯ ಗೂಡಿನಲ್ಲಿ, ತನ್ನವುಗಳ ಪಕ್ಕಕ್ಕೆ ಇಟ್ಟಳು.

“ಕ್ಷಮಿಸಿಲ್ಲ,” ಎಂದಳು, ಅವನ ಕಡೆ ತಿರುಗದೆ. “ಕೂತಿರಿ, ಚಹಾ ತರ್ತೀನಿ.”