ಉಚ್ಚಿಲದ ಏರಿಯ ಬ್ಯಾರಿಕೇಡುಗಳು

ಬೆಳಿಗ್ಗೆ ಆರೂಕಾಲಿಗೆ ದೂರು ಠಾಣೆಗೆ ಬಂತು. ಉಚ್ಚಿಲದ ಬಳಿ ಸೇತುವೆಗೆ ಸೇರುವ ರಸ್ತೆಯ ಏರಿ ವರ್ಷದಿಂದ ಕುಸಿಯುತ್ತಿದ್ದುದರಿಂದ, ಅದರ ಒಂದು ಬದಿಯನ್ನು ಅಗೆದು ಹೊಸ ಮಣ್ಣು ತುಂಬಿಸುವ ಕೆಲಸ ನಡೆದಿತ್ತು. ಆ ಬದಿಗೆ ಅಡ್ಡವಿಟ್ಟಿದ್ದ ಬ್ಯಾರಿಕೇಡುಗಳನ್ನು ಯಾರೋ ತೆಗೆದಿದ್ದಾರೆ, ಮೀನಿನ ಟೆಂಪೋವೊಂದು ಏರಿಯ ಅಂಚಿನ ಸಮೇತ ಕೆಳಗುರುಳಿದೆ, ಚಾಲಕ ಪೀಟರ್ ಸತ್ತಿದ್ದಾನೆ ಎಂದು ಕಾಮಗಾರಿಯ ಎಂಜಿನಿಯರ್ ವಿದ್ಯಾಧೀಶ ಬರೆದುಕೊಟ್ಟರು.

ಎಫ್‌ಐಆರ್ ದಾಖಲಿಸಿ ಎಸ್‌ಐ ಸುಭಾಷಿಣಿ ಸ್ಥಳಕ್ಕೆ ಬಂದರು. ಟೆಂಪೋದ ಚಕ್ರಗಳು ಆಕಾಶ ನೋಡುತ್ತಿದ್ದವು. ಬೂತಾಯಿ ಮೀನು ಕೆಂಪು ಮಣ್ಣಿನಲ್ಲಿ ಚೆಲ್ಲಿತ್ತು.

ಪಂಚನಾಮೆಗೆ ಸಾಕ್ಷಿಯಾಗಿ ಊರಿನವರೊಬ್ಬರು ಬೇಕಿತ್ತು. ಮೊದಲು ಓಡಿಬಂದು ಪೀಟರನನ್ನು ಹೊರಗೆಳೆದಿದ್ದ ನಿವೃತ್ತ ಬಸ್ ಚಾಲಕ ವಿಠಲ ಸಹಿ ಹಾಕಿದರು. ಅವರ ಅಂಗಿಯೆಲ್ಲ ರಕ್ತವಾಗಿತ್ತು. ಪೊಲೀಸರಿಗೆ ಕುಡಿಯಲು ನೀರು ತಂದುಕೊಟ್ಟದ್ದೂ ಅವರೇ.

ಬ್ಯಾರಿಕೇಡುಗಳಿಗೆ ಪೆಟ್ಟಾಗಿರಲಿಲ್ಲ, ಅವನ್ನು ಬದಿಯಲ್ಲಿ ಒಪ್ಪವಾಗಿ ಒರಗಿಸಿಟ್ಟಿದ್ದರು. ಅವು ಗಾಳಿಗೆ ಬೀಳದಂತೆ ಇಟ್ಟಿದ್ದ ಮರಳಿನ ಚೀಲಗಳು ಮಾತ್ರ ಕಾಣೆಯಾಗಿದ್ದವು. ಅಷ್ಟು ಭಾರ ಹೊತ್ತವನು ದೂರ ಹೋಗಿರಲಾರ ಎಂದುಕೊಂಡ ಸುಭಾಷಿಣಿ, ಆ ಬದಿಯ ವಾಹನಗಳನ್ನು ತಿರುಗಿಸಿದ್ದ ಒಳರಸ್ತೆ ಹಿಡಿದು ನಡೆದರು. ಜೊತೆಗೆ ಹೆಡ್ ಕಾನ್‌ಸ್ಟೆಬಲ್ ವಿಜಯೀಂದ್ರ ಇದ್ದರು. ಲಾರಿಗಳು ಒಂದೇ ವಾಹನಕ್ಕೆ ಸಾಲುವಷ್ಟು ಅಗಲದ ಆ ರಸ್ತೆಯನ್ನು ತುಂಬಿಕೊಂಡು ಹೋಗುತ್ತಿದ್ದವು. ಮೂರನೆಯ ಮನೆಯ ಕಂಪೌಂಡು ಒಡೆದಿತ್ತು. ಒಡೆದ ಜಾಗಕ್ಕೆ ಅದೇ ಚೀಲಗಳನ್ನು ಪೇರಿಸಿದ್ದರು.

"ಇದು ವಿಠಲಣ್ಣನ ಮನೆ ಮೇಡಂ," ಎಂದರು ವಿಜಯೀಂದ್ರ.

ವಿಠಲ ಜಗಲಿಯಲ್ಲಿ ಕುಳಿತಿದ್ದರು. ಅಂಗಿ ಬದಲಿಸಿರಲಿಲ್ಲ.

"ಈ ಚೀಲ ಯಾರು ತಂದದ್ದು?"

"ನಾನೇ."

"ಬ್ಯಾರಿಕೇಡ್?"

"ಅದೂ ನಾನೇ. ನಿನ್ನೆ ಸಂಜೆ ಏರಿ ಮೇಲೆ ರೋಲರ್ ಹೋದದ್ದು ಕಂಡಿದ್ದೆ. ರಸ್ತೆ ಆಯ್ತು ಅಂತ ಎಣಿಸಿದೆ, ಮೇಡಂ. ಲಾರಿಗಳು ಇಲ್ಲಿ ಬೇಡ, ಏರಿ ಮೇಲಿಂದಲೇ ಹೋಗಲಿ ಅಂತ ರಾತ್ರಿ ತೆಗೆದೆ."

ಅಂಚಿನ ತಡೆಗೋಡೆ ಇನ್ನೂ ಕಟ್ಟಿಲ್ಲವೆಂದು, ರಾತ್ರಿಯ ಮಳೆಗೆ ಹಸಿ ಮಣ್ಣು ಸಡಿಲಾದೀತೆಂದು ಅವರಿಗೆ ಹೊಳೆದಿರಲಿಲ್ಲ. ಟೆಂಪೋ ಬಿದ್ದ ಸದ್ದಿಗೆ ಎದ್ದಾಗಲೇ ಎಲ್ಲ ಅರ್ಥವಾಗಿತ್ತು. ಹೇಳಲು ನಾಲಗೆ ಬಂದಿರಲಿಲ್ಲ.

ಉಳಿದದ್ದನ್ನು ಸೊಸೆ ಬೇಬಿ ಬಾಗಿಲಿಗೆ ಒರಗಿ ನಿಂತು ಹೇಳಿದರು. ಹಿಂದಿನ ತಿಂಗಳು ಇದೇ ಗೇಟಿನೆದುರು ಟಿಪ್ಪರೊಂದು ವಿಠಲರ ಮೊಮ್ಮಗಳು ಭವ್ಯಶ್ರೀಯ ಕಾಲಿನ ಮೇಲೆ ಹರಿದಿತ್ತು. ಅವಳು ಈಗಲೂ ಮಣಿಪಾಲದ ಆಸ್ಪತ್ರೆಯಲ್ಲಿದ್ದಾಳೆ. ಲಾರಿಗಳ ವೇಗ ತಗ್ಗಲು ಒಳರಸ್ತೆಗೆ ಒಂದು ಹಂಪ್ ಹಾಕಿ ಎಂದು ವಿಠಲ ಕಾಮಗಾರಿಯ ಕಚೇರಿಗೆ ಎಷ್ಟು ಅಲೆದರೂ ಕೇಳುವವರಿರಲಿಲ್ಲ.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದಲ್ಲಿ ಅವರನ್ನು ಬಂಧಿಸಲಾಯಿತು. ಜೀಪು ಹತ್ತುವಾಗ ವಿಠಲ ಕೇಳಿದರು, "ಆ ಪೀಟರನಿಗೆ ಮಕ್ಕಳು ಉಂಟಾ?"

ಸುಭಾಷಿಣಿಗೆ ಉತ್ತರ ಗೊತ್ತಿತ್ತು. ಅವರು ಜೀಪಿನ ಬಾಗಿಲು ಹಾಕಿದರು.

ಏರಿಯನ್ನು ಪೂರ್ತಿ ಮುಚ್ಚಿದ್ದರಿಂದ ಮಧ್ಯಾಹ್ನದಿಂದ ಎರಡೂ ಕಡೆಯ ವಾಹನಗಳು ಆ ಒಳರಸ್ತೆಗೇ ಇಳಿದವು. ಸಂಜೆಯೊಳಗೆ ಕಾಮಗಾರಿಯವರು ವಿಠಲರ ಗೇಟಿನೆದುರು ಹಂಪ್ ಹಾಕಿದರು.